ಹಾಲಿನ ಗಾಡಿಗೆ ಇಪ್ಪತ್ತು ನಿಮಿಷ ಕೊಡೋಣ

ಹಾಲಿನ ಗಾಡಿ ತಡವಾಗಿ ಬಂದರೆ ನಾವು ಮೊದಲು ಬೈಯುವುದು ಡ್ರೈವರನ್ನು. ಅವನು ಗಾಡಿಯನ್ನು ಬೈಯುತ್ತಾನೆ, ಗಾಡಿ ಮಾಲೀಕರು ಕಂಪನಿಯನ್ನು ಬೈಯುತ್ತಾರೆ. ಈಚಿನ ವರ್ಷಗಳಲ್ಲಿ ಈ ಬೈಗುಳದ ನಡುವೆ ಒಂದು ಹೊಸ ಮಾತು ಸೇರಿಕೊಂಡಿದೆ: "ಡಿಪಿಎಫ್ ಜಾಮ್ ಆಗಿದೆ." ಸಂಘದ ಬಾಗಿಲಲ್ಲಿ ಕ್ಯಾನ್ ಇಟ್ಟುಕೊಂಡು ಕಾಯುವ ನಮ್ಮಲ್ಲಿ ಹೆಚ್ಚಿನವರು ಅದು ಗಂಡಸರ ವಿಷಯ, ಗ್ಯಾರೇಜಿನ ವಿಷಯ ಎಂದು ಬಿಟ್ಟುಬಿಟ್ಟಿದ್ದೇವೆ. ನನ್ನ ಅಭಿಪ್ರಾಯ ಬೇರೆ. ಆ ಫಿಲ್ಟರ್ ಕಟ್ಟಿಕೊಳ್ಳುವುದಕ್ಕೆ ಅರ್ಧ ಕಾರಣ ನಮ್ಮ ಹಾಲಿನ ರೂಟೇ. ಹಾಗಾಗಿ ಪರಿಹಾರವೂ ಅರ್ಧ ನಮ್ಮ ಸಂಘದ ಸಭೆಯಲ್ಲೇ ಸಿಗಬೇಕು.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಪಿಕಪ್ ಸಾಲದ ಕಾಗದಕ್ಕೆ ಸಹಿ ಹಾಕಿರುವವರು ಹೆಂಗಸರು. ಕಂತು ಹೋಗುತ್ತಿರುವುದು ಹಾಲಿನ ಬಟವಾಡೆಯಿಂದ. ಸಹಿ ನಮ್ಮದು, ಕಂತು ನಮ್ಮದು, ಆದರೆ ಡ್ಯಾಷ್‌ಬೋರ್ಡಿನ ಮೇಲೆ ಹಳದಿ ದೀಪ ಹೊತ್ತಿದರೆ ಅದೇನೆಂದು ಕೇಳುವ ಹಕ್ಕು ಮಾತ್ರ ನಮ್ಮದಲ್ಲವೇ?

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ವಾಹನಗಳಿಗೆ ಬಿ.ಎಸ್.6 ನಿಯಮ ಬಂತು. ಬಿ.ಎಸ್.4ರಿಂದ ನೇರವಾಗಿ ಆರಕ್ಕೆ ಹಾರಿದ್ದು. ಐದನ್ನು ಮುಟ್ಟಲೇ ಇಲ್ಲ. ಡೀಸೆಲ್ಲಿನಲ್ಲಿರುವ ಗಂಧಕವನ್ನೂ 50 ಪಿಪಿಎಂನಿಂದ 10ಕ್ಕೆ ಇಳಿಸಿದರು. ಆಗಿನಿಂದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಸೈಲೆನ್ಸರಿಗೂ ಮುಂಚೆ ಒಂದು ಡಬ್ಬಿ ಬಂದು ಕೂತಿದೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಿಂಡಿಗಳಿರುವ ಫಿಲ್ಟರ್. ಹೊಗೆ ಕಿಂಡಿಯ ಗೋಡೆಯ ಮೂಲಕ ಸೋಸಿಕೊಂಡು ಹೊರಗೆ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ನಾವು ಹಾಲು ಸೋಸುವ ಬಟ್ಟೆಯ ಕೆಲಸವೇ ಅದಕ್ಕೂ. ಬಟ್ಟೆಯನ್ನು ನಾವು ತೊಳೆದು ಒಣಗಿಸುತ್ತೇವೆ. ಈ ಫಿಲ್ಟರ್ ಮಾತ್ರ ತನ್ನ ಮಸಿಯನ್ನು ತಾನೇ ಸುಟ್ಟು ಶುಚಿಯಾಗಬೇಕು. ಮೆಕ್ಯಾನಿಕ್‌ಗಳು ರೀಜನರೇಷನ್, ರೀಜನ್ ಎನ್ನುವುದು ಇದಕ್ಕೆ.

ಮಸಿ ಸುಡಬೇಕಾದರೆ ಕಾವು ಬೇಕು. ಭಾರ ಹೊತ್ತು ದೂರ ಓಡುವ ಗಾಡಿಯಲ್ಲಿ ಹೊಗೆಯೇ ಸಾಕಷ್ಟು ಬಿಸಿಯಾಗಿ ಮಸಿ ಸ್ವಲ್ಪ ಸ್ವಲ್ಪವೇ ಉರಿದು ಹೋಗುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ. ಅಷ್ಟು ಬಿಸಿ ಸಿಗದಿದ್ದರೆ ಗಾಡಿಯ ಕಂಪ್ಯೂಟರ್ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು ಫಿಲ್ಟರಿನ ಕಾವನ್ನು 600 ಡಿಗ್ರಿ ಸೆಲ್ಸಿಯಸ್‌ ಸುಮಾರಿಗೆ ಏರಿಸುತ್ತದೆ. ಸಾಮಾನ್ಯವಾಗಿ ಹತ್ತು ಇಪ್ಪತ್ತು ನಿಮಿಷದ ಕೆಲಸ. ಆ ಹೊತ್ತಿನಲ್ಲಿ ಎಂಜಿನ್ ಸದ್ದು ಬದಲಾಗುತ್ತದೆ, ನಿಂತಾಗಲೂ ಆರ್‌ಪಿಎಂ ಸ್ವಲ್ಪ ಮೇಲಿರುತ್ತದೆ, ಫ್ಯಾನ್ ಓಡುತ್ತದೆ, ಸುಟ್ಟ ವಾಸನೆ ಬರಬಹುದು. ಇದು ಕೆಟ್ಟಿರುವ ಲಕ್ಷಣವಲ್ಲ. ಮಧ್ಯದಲ್ಲಿ ಗಾಡಿ ಆಫ್ ಮಾಡಿದರೆ ಮಾತ್ರ ಕೆಡುತ್ತದೆ.

ಈಗ ನಮ್ಮ ಬೆಳಗಿನ ರೂಟನ್ನು ನೋಡಿ. ಬಿಎಂಸಿ ಇರುವ ಊರಿಗೆ ಟ್ಯಾಂಕರ್ ಬರುತ್ತದೆ. ನಾನು ಹೇಳುತ್ತಿರುವುದು ಸುತ್ತಲಿನ ಊರುಗಳಿಂದ ಅಲ್ಲಿಗೆ ಕ್ಯಾನ್ ಮುಟ್ಟಿಸುವ ಪಿಕಪ್ಪಿನ ಮಾತು. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಆಗಿ ಎರಡು ಕಿಲೋಮೀಟರ್ ಓಡಿ ಮೊದಲ ಸಂಘದ ಮುಂದೆ ನಿಲ್ಲುತ್ತದೆ. ಕ್ಯಾನ್ ಏರಿಸುವವರೆಗೆ ಎಂಜಿನ್ ಗುರುಗುಡುತ್ತಲೇ ಇರುತ್ತದೆ. ಮತ್ತೆ ಮೂರು ಕಿಲೋಮೀಟರ್, ಹಳ್ಳ ದಿಣ್ಣೆ, ಎರಡನೇ ಗೇರು, ಮೂರನೇ ಗೇರು, ಮತ್ತೆ ನಿಲುಗಡೆ. ಎಂಟು ಹತ್ತು ಊರು ಮುಗಿಸಿ ಬಿಎಂಸಿಯಲ್ಲಿ ಹಾಲು ಇಳಿಸಿ ಅದೇ ಗುಂಡಿ ದಾರಿಯಲ್ಲಿ ವಾಪಸ್. ಸಂಜೆ ಮತ್ತೊಮ್ಮೆ ಇದೇ. ಮಸಿ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ಯಾರೂ ಹುಡುಕಿ ಕೊಡಲಾರರು. ಕಂಪ್ಯೂಟರ್ ಸುಡಲು ಶುರು ಮಾಡುವಷ್ಟರಲ್ಲಿ ಮುಂದಿನ ಸಂಘ ಬಂದಿರುತ್ತದೆ, ಡ್ರೈವರ್ ಕೀಲಿ ತಿರುಗಿಸಿರುತ್ತಾನೆ.

ಹೀಗೆ ಅರ್ಧಕ್ಕೇ ನಿಂತ ಸುಡುವಿಕೆ ಇನ್ನೊಂದು ಕೇಡನ್ನೂ ಮಾಡುತ್ತದೆ. ಮಸಿ ಸುಡಲೆಂದು ಬಿಟ್ಟ ಡೀಸೆಲ್ಲಿನಲ್ಲಿ ಸ್ವಲ್ಪ ಎಂಜಿನ್ ಆಯಿಲ್‌ಗೆ ಇಳಿದು ಸೇರುತ್ತದೆ. ಆಯಿಲ್ ಅಳತೆಯ ಕಡ್ಡಿ ತೆಗೆದು ನೋಡಿ: ಮಟ್ಟ ಕಡಿಮೆಯಾಗುವ ಬದಲು ಮೇಲಕ್ಕೆ ಹೋಗಿದ್ದರೆ, ಡೀಸೆಲ್ ವಾಸನೆ ಇದ್ದರೆ, ಆಯಿಲ್ ನೀರಾಗಿದೆ ಎಂದು ಅರ್ಥ. "ಆಯಿಲ್ ಜಾಸ್ತಿ ಇದೆಯಲ್ಲ, ಒಳ್ಳೆಯದೇ" ಎಂದು ಸಮಾಧಾನ ಪಡುವ ವಿಷಯವಲ್ಲ. ಅದೇ ಆಯಿಲ್‌ನಲ್ಲಿ ಓಡಿಸಿದರೆ ಎಂಜಿನ್ನೇ ಸವೆಯುತ್ತದೆ. ಕಡ್ಡಿ ತೆಗೆದು ಒರೆಸಿ ನೋಡಲು ಯಾವ ಮೆಕ್ಯಾನಿಕ್ಕೂ ಬೇಡ. ಲ್ಯಾಕ್ಟೋಮೀಟರ್ ಓದುವ ನಮಗೆ ಅದೇನು ದೊಡ್ಡದಲ್ಲ.

ದೀಪ ಮೊದಲು ಸುಮ್ಮನೆ ಹೊತ್ತಿಕೊಂಡಾಗ ಅದು ಎಚ್ಚರಿಕೆ ಮಾತ್ರ. ಹಾಲು ಇಳಿಸಿದ ಮೇಲೆ ಗಾಡಿಯನ್ನು ಹೈವೇಗೆ ಒಯ್ದು 60 ಕಿ.ಮೀ. ಆಸುಪಾಸಿನಲ್ಲಿ, ಒಂದು ಗೇರ್ ಕಡಿಮೆಯಲ್ಲೇ ಇಟ್ಟು, ಆರ್‌ಪಿಎಂ 2000ಕ್ಕಿಂತ ಇಳಿಯದಂತೆ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಗಾಡಿಯ ಕೈಪಿಡಿಯಲ್ಲಿ ಬೇರೆ ವೇಗ ಬರೆದಿದ್ದರೆ ಅದನ್ನೇ ಪಾಲಿಸಬೇಕು. ಟ್ಯಾಂಕಿನಲ್ಲಿ ಡೀಸೆಲ್ ತಳಮಟ್ಟಕ್ಕೆ ಇಳಿದಿದ್ದರೆ ಎಷ್ಟೋ ಗಾಡಿಗಳು ಸುಡುವ ಕೆಲಸ ಶುರುವನ್ನೇ ಮಾಡುವುದಿಲ್ಲ. ನೂರು ರೂಪಾಯಿಗೆ, ಇನ್ನೂರಕ್ಕೆ ಹಾಕಿಸುತ್ತಾ ಓಡಿಸುವ ಮನೆಗಳಲ್ಲಿ ಇದು ನಿಜವಾದ ಕಾರಣ. ದೀಪ ಮಿಣುಕಲು ಶುರುವಾಗಿ, ಎಂಜಿನ್ ದೀಪವೂ ಜೊತೆಗೆ ಬಂದು, ಗಾಡಿ ಏರಿ ಹತ್ತದಂತೆ ಎಳೆಯತೊಡಗಿದರೆ ಹೈವೇ ಓಟದ ಕಾಲ ಮುಗಿಯಿತು. ಆಗ ಸ್ಕ್ಯಾನರ್ ಹಚ್ಚುವ ವರ್ಕ್‌ಶಾಪಿಗೇ ಹೋಗಬೇಕು. ಅಲ್ಲಿ ನಿಂತಲ್ಲೇ ಸುಡಿಸುತ್ತಾರೆ.

ಒಂದು ವಿಷಯವನ್ನು ಇಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ ಎಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ. ಸುಡುವ ಹೊತ್ತಿನಲ್ಲಿ ಗಾಡಿಯ ಹೊಟ್ಟೆಯ ಕೆಳಗಿನ ಕೊಳವೆ ಕೆಂಡದಂತಿರುತ್ತದೆ. ಒಣ ಹುಲ್ಲಿನ ಮೇಲೆ, ರಾಗಿ ಕಣದಲ್ಲಿ, ಬಣವೆಯ ಪಕ್ಕ, ಜೋಳದ ದಂಟಿನ ರಾಶಿಯ ಮೇಲೆ ಹಾಲಿನ ಗಾಡಿ ನಿಲ್ಲಿಸಬೇಡಿ, ನಿಲ್ಲಿಸಲು ಬಿಡಬೇಡಿ. ಕೊಳವೆಯ ಹತ್ತಿರ ಮಕ್ಕಳು ಆಡುವುದೂ ಬೇಡ.

ಹೈವೇಯಲ್ಲಿ ಚೆನ್ನಾಗಿ ಓಡಿಸಿದ ಎರಡೇ ದಿನಕ್ಕೆ ದೀಪ ಮತ್ತೆ ಬಂದರೆ? ಆಗ ತಪ್ಪು ರೂಟಿನದ್ದಲ್ಲ, ಫಿಲ್ಟರಿನದ್ದೂ ಅಲ್ಲದಿರಬಹುದು. ಯಾವುದೋ ಒಂದು ಮಸಿಯನ್ನು ಅತಿಯಾಗಿ ಹುಟ್ಟಿಸುತ್ತಿದೆ, ಇಲ್ಲವೇ ಸುಡುವುದನ್ನು ತಡೆಯುತ್ತಿದೆ. ಇಂಜೆಕ್ಟರ್ ಸೋರುತ್ತಿರಬಹುದು. ಇಜಿಆರ್ ವಾಲ್ವ್ ಸಿಕ್ಕಿಕೊಂಡಿರಬಹುದು. ಟರ್ಬೊದಿಂದ ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ ಬಿರುಕು ಬಿಟ್ಟಿರಬಹುದು, ಕಾವಿನ ಸೆನ್ಸರ್ ಸತ್ತಿರಬಹುದು. ಥರ್ಮೋಸ್ಟಾಟ್ ತೆರೆದೇ ನಿಂತು ಎಂಜಿನ್ ಬಿಸಿಯೇ ಆಗದಿರಬಹುದು. ಫಿಲ್ಟರಿನ ಹಿಂದೆ ಮುಂದೆ ಒತ್ತಡ ಅಳೆಯುವ ಸೆನ್ಸರಿಗೆ ಹೋಗುವ ಸಣ್ಣ ರಬ್ಬರ್ ಪೈಪ್ ಸೀಳಿದರೂ ಸಾಕು, ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ. ಸಣ್ಣ ಪೈಪಿನ ತಪ್ಪಿಗೆ ಹತ್ತಾರು ಸಾವಿರದ ಫಿಲ್ಟರ್ ಬದಲಿಸಿ ಎಂದು ಹೇಳಿದ ಗ್ಯಾರೇಜನ್ನು ನಾನು ಕಂಡಿದ್ದೇನೆ. ಆದ್ದರಿಂದ ವರ್ಕ್‌ಶಾಪಿನಲ್ಲಿ ಎರಡು ಮಾತು ಕೇಳಿ: ಸ್ಕ್ಯಾನರಿನಲ್ಲಿ ಬಂದ ಕೋಡ್ ಬರೆದು ಕೊಡಿ, ಮಸಿ ಎಷ್ಟಿತ್ತು, ಸುಟ್ಟ ಮೇಲೆ ಎಷ್ಟಾಯಿತು ಹೇಳಿ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಚೀಟಿ ಇಲ್ಲದೆ ಹಾಲು ಅಳೆಯಲು ನಾವು ಬಿಡುತ್ತೇವೆಯೇ? ಇದೂ ಹಾಗೆಯೇ.

ಮಸಿ ಬೇರೆ, ಬೂದಿ ಬೇರೆ. ಇದು ಒಲೆ ಉರಿಸಿದವರಿಗೆ ಬೇಗ ಅರ್ಥವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಇದ್ದ ಮನೆಯವರಿಗೆ ನೆನಪಿರಬಹುದು, ಚಿಮಣಿಯ ಮಸಿ ತೆಗೆಯದಿದ್ದರೆ ಹೊಗೆ ಅಡುಗೆಮನೆಗೇ ತಿರುಗುತ್ತಿತ್ತು. ಮಸಿಗೆ ಬೆಂಕಿ ತಗಲಿದರೆ ಅದು ಉರಿದು ಹೋಗುತ್ತದೆ. ಬೂದಿಯನ್ನು ಎಷ್ಟು ಸುಟ್ಟರೂ ಬೂದಿಯೇ. ಫಿಲ್ಟರಿನಲ್ಲಿ ಕೂರುವ ಬೂದಿ ಹೆಚ್ಚಾಗಿ ಬರುವುದು ಎಂಜಿನ್ ಆಯಿಲ್‌ನಿಂದ. ಅದಕ್ಕೇ ಬಿ.ಎಸ್.6 ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲನ್ನು, ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದನ್ನೇ ಹಾಕಬೇಕು. ಹಳೆಯ ಟ್ರ್ಯಾಕ್ಟರಿಗೆ ತಂದು ಉಳಿದಿದ್ದ ಡಬ್ಬಿಯಿಂದ ಸುರಿದರೆ ಇನ್ನೂರು ಮುನ್ನೂರು ಉಳಿದೀತು, ಫಿಲ್ಟರಿನ ಆಯಸ್ಸು ಹೋದೀತು. ಬೂದಿ ತುಂಬಿದ ಫಿಲ್ಟರನ್ನು ಬಿಚ್ಚಿ ಅದಕ್ಕೆಂದೇ ಇರುವ ಯಂತ್ರದಲ್ಲಿ ಶುಚಿ ಮಾಡಿಸಬಹುದು. ಗಾಡಿ ತೊಳೆಯುವ ಪ್ರೆಷರ್ ನೀರು ಬಿಡಿಸಿದರೆ ಒಳಗಿನ ಗೂಡು ಒಡೆಯುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಫಿಲ್ಟರನ್ನೇ ಕಿತ್ತು ಖಾಲಿ ಪೈಪ್ ಹಾಕಿಸಿ, ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಎನ್ನುವವರು ಪ್ರತಿ ಪೇಟೆಯಲ್ಲೂ ಇದ್ದಾರೆ. ನಾನು ಇದಕ್ಕೆ ಪೂರ್ತಿ ವಿರೋಧ. ಮಾಲಿನ್ಯ ನಿಯಮ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡಕ್ಕೂ ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ, ಕಂಪನಿಯ ವಾರಂಟಿಯೂ ಹೋಗುತ್ತದೆ. ಆದರೆ ನನ್ನ ಮುಖ್ಯ ಕಾರಣ ದಂಡವಲ್ಲ. ಆ ಹೊಗೆ ಎಲ್ಲಿ ಬಿಡುತ್ತದೆ ನೋಡಿ. ಬೆಳಗ್ಗೆ ಸಂಘದ ಕಿರಿದಾದ ಓಣಿಯಲ್ಲಿ, ಸಾಲಿನಲ್ಲಿ ನಿಂತ ನಮ್ಮ ಮುಖಕ್ಕೆ, ಸೊಂಟದ ಮೇಲಿನ ಮಗುವಿನ ಮುಖಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಹೊಗೆ ಕ್ಯಾನ್ಸರ್ ತರುವಂಥದ್ದು ಎಂದು ಖಚಿತವಾಗಿ ಪಟ್ಟಿ ಮಾಡಿದೆ. ಒಲೆಯ ಹೊಗೆ ತಪ್ಪಲೆಂದು ಗ್ಯಾಸ್ ತಂದುಕೊಂಡವರು ಹಾಲಿನ ಗಾಡಿಯಿಂದ ಅದೇ ಹೊಗೆಯನ್ನು ಮತ್ತೆ ಕೊಂಡುಕೊಳ್ಳುವುದೇ?

ಹಾಗಾದರೆ ನಾವೇನು ಮಾಡಬೇಕು? ವಾರಕ್ಕೆ ಎರಡು ಸಲ, ಹಾಲು ಇಳಿಸಿದ ಮೇಲೆ, ಖಾಲಿ ಕ್ಯಾನಿನೊಂದಿಗೆ ಗಾಡಿ ಹೈವೇ ಸುತ್ತಿ ಬರಲು ರೂಟಿನಲ್ಲೇ ಜಾಗ ಮಾಡಿಕೊಡಬೇಕು. ಹಾಲು ತುಂಬಿದ್ದಾಗ ಬೇಡವೇ ಬೇಡ. ಹಾಲು ಬೇಗ 4 ಡಿಗ್ರಿಗೆ ಇಳಿಯಬೇಕು, ಅದರಲ್ಲಿ ರಾಜಿ ಇಲ್ಲ. ಸುಮಾರು 20 ಕಿ.ಮೀ. ಹೆಚ್ಚಿನ ಓಟಕ್ಕೆ ಒಂದೂವರೆಯಿಂದ ಎರಡು ಲೀಟರ್ ಡೀಸೆಲ್ ಆದೀತು. ವಾರಕ್ಕೆ ನಾಲ್ಕು ಲೀಟರ್, ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ 360 ರೂಪಾಯಿ. ದಿನಕ್ಕೆ 40 ಲೀಟರಿನ 25 ಕ್ಯಾನ್, ಅಂದರೆ ಸಾವಿರ ಲೀಟರ್ ಸಾಗಿಸುವ ರೂಟಾದರೆ ಹಾಲಿನ ಲೀಟರಿಗೆ ಸುಮಾರು ಐದು ಪೈಸೆ ಬೀಳುತ್ತದೆ.

"ಬಾಡಿಗೆ ತೆಗೆದುಕೊಳ್ಳುವವರು ಅವರು, ಖರ್ಚು ನಾವು ಯಾಕೆ ಕೊಡಬೇಕು?" ಎಂದು ನಮ್ಮ ಸಭೆಯಲ್ಲಿ ಒಬ್ಬ ಅಕ್ಕ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಬಾಡಿಗೆ ಲೆಕ್ಕ ಹಾಕುವುದು ರೂಟಿನ ಕಿಲೋಮೀಟರಿಗೆ. ಈ ಓಟ ಆ ಲೆಕ್ಕದಲ್ಲಿ ಇಲ್ಲ, ಸಮಯವೂ ಇಲ್ಲ. ದುಡ್ಡೂ ಇಲ್ಲ, ಹೊತ್ತೂ ಇಲ್ಲ ಎಂದರೆ ಡ್ರೈವರ್ ದೀಪದ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡು ಓಡಿಸುತ್ತಾನೆ. ಗಾಡಿ ನಿಂತ ದಿನ ಹಸು ಮಾತ್ರ ಹಾಲು ನಿಲ್ಲಿಸುವುದಿಲ್ಲ. ಕ್ಯಾನ್ ಬಿಸಿಲಲ್ಲಿ ಕಾದು ಹುಳಿಯಾಗಿ ವಾಪಸ್ ಬಂದರೆ ಹೋಗುವುದು ಒಂದು ಹೊತ್ತಿನ ಪೂರ್ತಿ ಹಣ, ಐದು ಪೈಸೆಯಲ್ಲ. ಹಾಗೆಂದು ಎಲ್ಲ ಭಾರ ನಮ್ಮ ಮೇಲೆ ಎಂದೂ ನಾನು ಹೇಳುವುದಿಲ್ಲ. ಡೀಸೆಲ್ ನಾವು ಕೊಟ್ಟರೆ ಆಯಿಲ್ ಸರಿಯಾದದ್ದು ಹಾಕಿದ ಬಿಲ್ ಅವರು ತೋರಿಸಲಿ. ಡಿಪಿಎಫ್ ಎಂಬುದು ದಿನವೂ ತಡವಾಗಿ ಬರುವುದಕ್ಕೆ ನೆಪ ಆಗಬಾರದು.

ನಮ್ಮ ಕಡೆಯಿಂದಲೂ ಒಂದು ಆಗಬೇಕು. ಗಾಡಿ ಬರುವ ಮೊದಲೇ ಕ್ಯಾನ್ ಮುಚ್ಚಿ ರಸ್ತೆ ಬದಿಗೆ ತಂದಿಟ್ಟಿರಬೇಕು. ಅಳತೆ ಇನ್ನೂ ಮುಗಿದಿಲ್ಲ, ಐದು ನಿಮಿಷ ನಿಲ್ಲಬೇಕು ಎಂದಾದರೆ ಎಂಜಿನ್ ಆಫ್ ಮಾಡಿಸುವುದು ಒಳ್ಳೆಯದು, ಯಾಕೆಂದರೆ ನಿಂತು ಗುರುಗುಡುವ ಎಂಜಿನ್ ಮಸಿ ಕಟ್ಟುತ್ತದೆ, ಕಾವು ಮಾತ್ರ ಏರುವುದಿಲ್ಲ. "ಸುಡ್ತಾ ಇದೆ ಅಕ್ಕಾ, ಆಫ್ ಮಾಡೋ ಹಾಗಿಲ್ಲ" ಎಂದು ಡ್ರೈವರ್ ಹೇಳಿದರೆ ಅವನನ್ನು ನಂಬಿ, ಹುಲ್ಲಿಲ್ಲದ ಕಡೆ ನಿಲ್ಲಿಸಿಕೊಳ್ಳಲಿ.

ಸೆಪ್ಟೆಂಬರ್ ಹೊತ್ತಿಗೆ ಸಂಘಗಳ ಮಹಾಸಭೆ ಬರುತ್ತವೆ. ನೋಟಿಸ್ ಅಚ್ಚಾಗುವ ಮೊದಲೇ ಕಾರ್ಯದರ್ಶಿಯವರಿಗೆ ಒಂದು ಚೀಟಿ ಬರೆದು ಕೊಡಿ: ರೂಟ್ ಗಾಡಿಯ ವಾರದ ಎರಡು ಹೈವೇ ಓಟದ ಡೀಸೆಲ್ ಯಾರು ಕೊಡುವುದು, ಯಾವ ಯಾವ ದಿನ, ದೀಪ ಹೊತ್ತಿದ ದಿನಾಂಕವನ್ನು ಯಾವ ಪುಸ್ತಕದಲ್ಲಿ ಯಾರು ಬರೆಯುವುದು. ಒಂದೇ ರೂಟಿನ ಎಲ್ಲ ಸಂಘಗಳಿಂದ ಇದೇ ಚೀಟಿ ಹೋದರೆ ಒಕ್ಕೂಟದವರೂ ಬಾಡಿಗೆ ಕರಾರು ಬರೆಯುವಾಗ ಈ ಓಟಕ್ಕೆ ಒಂದು ಸಾಲು ಸೇರಿಸಬೇಕಾಗುತ್ತದೆ.