ಪರವಾನಗಿ ಹಳ್ಳಿಗೂ ಬೇಕು

ಆತಗೂರಿನಂಥ ಹಳ್ಳಿಯಲ್ಲಿ ಸ್ವಂತ ಜಾಗದಲ್ಲಿ ಮನೆ ಕಟ್ಟಲು ಪರವಾನಗಿ ಕೇಳುವುದೆಂದರೆ ಬಡವರನ್ನು ಅಲೆಸುವುದು, ಆ ನಿಯಮವನ್ನೇ ತೆಗೆಯಬೇಕು ಎಂಬುದು ಪ್ರಕಟವಾದ ಲೇಖನವೊಂದರ ವಾದ. ಅಲೆದಾಟ ನಿಜ, ಸೂಚಿಸಿದ ಮದ್ದು ತಪ್ಪು.

ಒಂದು, ಇದು ಪಟ್ಟಣದಿಂದ ಹೇರಿದ ನಿಯಮವಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಈ ಅಧಿಕಾರವನ್ನು ಗ್ರಾಮ ಪಂಚಾಯಿತಿಗೇ ಕೊಟ್ಟಿದೆ. ಅದನ್ನು ಕಿತ್ತರೆ ಬಡವಾಗುವುದು ಊರೇ.

ಎರಡು, ಜನರನ್ನು ಸುಸ್ತು ಮಾಡುವುದು ಪರವಾನಗಿಗಿಂತ ಅದಕ್ಕೂ ಮೊದಲಿನ ಜಾಗದ ದಾಖಲೆ. ಆ ದಾಖಲೆಗಳಾದ ನಮೂನೆ 9, 11 ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಲ್ಲಿ ಸಲೀಸಾಗಿ ಸಿಗಲಿ. ಅರ್ಧ ಅಲೆದಾಟ ತಪ್ಪುತ್ತದೆ.

ಮೂರು, ಮನೆ ಒಬ್ಬರದಾದರೂ ಓಣಿ, ಚರಂಡಿ ಎಲ್ಲರದು. ಪರವಾನಗಿಯೇ ಇಲ್ಲವಾದರೆ, ಬಲಾಢ್ಯರು ದಾರಿಗೆ ಮೆಟ್ಟಿಲು ಇಳಿಸಿದಾಗ ಬಡವರು ಯಾವ ಕಾಗದ ತೋರಿಸಿ ತಡೆಯಬೇಕು?

ಸೇವೆಗೆ ಗಡುವು ವಿಧಿಸುವ ಸಕಾಲ ಕಾಯ್ದೆ 2011ರದು. ಪರವಾನಗಿ ಗಡುವಿನೊಳಗೆ ಸಿಗಲೆಂದು ಹೋರಾಟ ನಡೆಯಲಿ, ನಿಯಮದ ವಿರುದ್ಧವಲ್ಲ.