ಮಳೆಗಾಲದ ಚಾರಣ: ಜನರಿಗೆ ಮಿತಿ ಹಾಕಿದರಷ್ಟೇ ಸೀತಾಳೆ ಉಳಿದೀತೇ?

ಮುಂಗಾರು ಶುರುವಾದರೆ ಸಾಕು, ಮುಂಬೈ, ಪುಣೆ, ಬೆಂಗಳೂರಿನ ಚಾರಣಿಗರು ವಾರಾಂತ್ಯಕ್ಕೆ ಪಶ್ಚಿಮ ಘಟ್ಟದತ್ತ ಹೊರಡುತ್ತಾರೆ. ಘಟ್ಟದ ಕಾಡು ಆರ್ಕಿಡ್‌ಗಳಲ್ಲಿ ಹಲವು ಅರಳುವುದೂ ಮಳೆಯ ತಿಂಗಳುಗಳಲ್ಲೇ. ಮಲೆನಾಡಿನವರು ಸೀತಾಳೆ ದಂಡೆ ಎನ್ನುವ ನಸುಗೆಂಪು ಗೊಂಚಲು ಮಳೆಗಾಲದ ಹೊಸ್ತಿಲಲ್ಲಿ ಮರದ ಕೊಂಬೆಗಳಿಂದ ಇಳಿಬೀಳುತ್ತದೆ. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ ಹಬೆನೇರಿಯಾ ಕುಲದ ಬಿಳಿ ಹೂಗಳು ಹುಲ್ಲಿನ ನಡುವೆ ನೆಲದಿಂದಲೇ ಏಳುತ್ತವೆ.

ನೂಕುನುಗ್ಗಲು ತಡೆಯಲು ಸರ್ಕಾರಗಳು ಕಂಡುಕೊಂಡ ದಾರಿ ಆನ್‌ಲೈನ್ ಬುಕಿಂಗ್. 2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿಯ ವಿಡಿಯೊ ವೈರಲ್ ಆದ ಬಳಿಕ ಕರ್ನಾಟಕ ಇದೇ ಹಾದಿ ಹಿಡಿಯಿತು. ಕಾಸ್‌ನಲ್ಲೂ ಪ್ರವಾಸಿಗರ ಸಂಖ್ಯೆಗೆ ಮಿತಿಯಿದೆ. ಹೆಜ್ಜೆ ಒಳ್ಳೆಯದೇ, ಆದರೆ ಆರ್ಕಿಡ್‌ಗೆ ಇಷ್ಟು ಸಾಲದು.

ಕಾರಣ ಈ ಗಿಡದ ಹುಟ್ಟಿನಲ್ಲೇ ಇದೆ. ಆರ್ಕಿಡ್ ಬೀಜ ದೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಆಹಾರ ಅದರಲ್ಲಿ ಇರುವುದಿಲ್ಲ. ಸೂಕ್ತ ಶಿಲೀಂಧ್ರದ ಆಸರೆ ಸಿಕ್ಕರಷ್ಟೇ ಅದು ಮೊಳೆಯುತ್ತದೆ. ಹೂ ಬಿಡಲು ವರ್ಷಗಳೇ ಬೇಕು. ಹಾಗಾಗಿ ಕಾಡಿನಿಂದ ಕಿತ್ತು ತಂದ ಗಿಡ ಮನೆಯ ಕುಂಡದಲ್ಲಿ ಬದುಕುವುದು ಕಷ್ಟ. ಫೋಟೊಗಾಗಿ ಹಾದಿ ಬಿಟ್ಟು ಇಳಿದ ನಾಲ್ಕು ಜನರ ಕಾಲಡಿಗೆ ಸಿಕ್ಕು ಎಷ್ಟೋ ವರ್ಷಗಳ ಬೆಳವಣಿಗೆ ನಾಶವಾಗಬಹುದು. ತಮಿಳುನಾಡು-ಕೇರಳ ಗಡಿಯ ಅಗಸ್ತ್ಯಮಲೆಯ ಸ್ಲಿಪ್ಪರ್ ಆರ್ಕಿಡ್ ಅಳಿವಿನ ಅಂಚಿಗೆ ಬಂದು ನಿಂತಿದ್ದಕ್ಕೆ ಸಂಗ್ರಾಹಕರ ಹಪಾಹಪಿ ದೊಡ್ಡ ಕಾರಣ. ಲೊಕೇಶನ್ ಸಮೇತ ಹಾಕುವ ಫೋಟೊ ಇಂಥವರಿಗೆ ನೇರ ದಾರಿ ತೋರಿಸುತ್ತದೆ.

ಕಾನೂನು ಇಲ್ಲವೆಂದಲ್ಲ. ದೇಶದಲ್ಲಿ 1,256 ಆರ್ಕಿಡ್ ಪ್ರಭೇದಗಳನ್ನು ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ದಾಖಲಿಸಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳನ್ನು ಅಳವಡಿಸಿಕೊಂಡಿತು. ಎಲ್ಲ ಆರ್ಕಿಡ್‌ಗಳೂ ಈ ಒಪ್ಪಂದದ ವ್ಯಾಪ್ತಿಗೆ ಬರುತ್ತವೆ. ಆದರೆ ಅದು ಮುಖ್ಯವಾಗಿ ದೇಶ-ದೇಶಗಳ ನಡುವಿನ ವ್ಯಾಪಾರದ ಮೇಲಿನ ಕಣ್ಣು. ಕಸ್ಟಮ್ಸ್ ತಪಾಸಣೆ ಕಾಡಿನ ಕಾಲುದಾರಿಯವರೆಗೆ ಬರುವುದಿಲ್ಲ.

ಅಲ್ಲಿ ಕಾಯಬೇಕಾದವರು ಸ್ಥಳೀಯ ಗೈಡ್‌ಗಳು ಮತ್ತು ಚಾರಣಿಗರೇ. ಟಿಕೆಟ್ ಜೊತೆಗೇ ಮೂರು ಸೂಚನೆಗಳನ್ನು ಕಳಿಸಲು ಅರಣ್ಯ ಇಲಾಖೆಗಳಿಗೆ ಹೆಚ್ಚಿನ ಖರ್ಚೇನೂ ಇಲ್ಲ: ಹಾದಿ ಬಿಡಬೇಡಿ, ಗಿಡ ಮುಟ್ಟಬೇಡಿ, ಹೂವಿನ ಫೋಟೊ ಹಾಕಿದರೂ ಜಾಗ ಹೇಳಬೇಡಿ. ಹಾದಿಯಲ್ಲೇ ನಿಂತು ನೋಡಿದರೂ ಸೀತಾಳೆಯ ಚೆಲುವೇನೂ ಕಡಿಮೆಯಾಗದು. ಮುಂದಿನ ಮಳೆಗಾಲಕ್ಕೆ ಬರುವವರಿಗೂ ಅದು ಅಲ್ಲೇ ಸಿಗಬೇಕು.