ಕೆಂಗೇರಿಯ ಆಚೆಗೂ ಊರುಗಳಿವೆ

ದೇಶದ 500ಕ್ಕೂ ಹೆಚ್ಚು ರೈಲು ನಿಲ್ದಾಣಗಳ ಪುನರಭಿವೃದ್ಧಿಗೆ 2024ರ ಫೆಬ್ರವರಿ 26ರಂದು ಒಂದೇ ದಿನ ಶಂಕುಸ್ಥಾಪನೆ ನಡೆಯಿತು. ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿ ನಮ್ಮ ಮೈಸೂರು ಲೈನಿನ ಕೆಂಗೇರಿ, ರಾಮನಗರ, ಚನ್ನಪಟ್ಟಣ, ಮಂಡ್ಯಗಳೂ ಇವೆ. ಸಂತೋಷದ ಸಂಗತಿಯೇ. ಆದರೆ ಇಂಥ ಯೋಜನೆಗಳ ಚಿತ್ರಪಟದಲ್ಲಿ ಮೊದಲು ಕಾಣುವುದು ನಿಲ್ದಾಣದ ಮುಂಭಾಗ: ಹೊಸ ಕಮಾನು, ದೀಪಾಲಂಕಾರ, ಕಾರು ನಿಲ್ಲಿಸಲು ವಿಶಾಲ ಅಂಗಳ. ಚನ್ನಪಟ್ಟಣದಂಥ ಊರಿನ ಪಾಸ್‌ದಾರ ಪ್ರಯಾಣಿಕ ಆ ಮುಂಭಾಗವನ್ನು ನೋಡುವುದು ಬೆಳಿಗ್ಗೆ ಅರ್ಧ ನಿಮಿಷ, ರಾತ್ರಿ ಅರ್ಧ ನಿಮಿಷ. ಉಳಿದ ಹೊತ್ತೆಲ್ಲ ಅವನಿರುವುದು ಪ್ಲಾಟ್‌ಫಾರಂ ಮೇಲೆ, ಗಾಡಿ ಎಲ್ಲಿದೆ ಎಂದು ಮೊಬೈಲು ನೋಡುತ್ತ. ಅವನಿಗೆ ಏನು ಬೇಕು ಎಂಬುದನ್ನು ಇವತ್ತು ಬಿಡಿಸಿ ಹೇಳಬೇಕಾಗಿದೆ. ಅದಕ್ಕೆ ಮೊದಲು ಈ ಲೈನು ಹುಟ್ಟಿದ ಬಗೆಯನ್ನು ನೆನೆಯಬೇಕು. ಇದು ಯಾರದೋ ದಾನವಾಗಿ ನಮಗೆ ಬಂದ ಹಳಿಯಲ್ಲ.

1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ನುಂಗಿದ ಧಾತು-ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಮುತ್ತಜ್ಜಿಯರು ಹೆಸರು ಹಿಡಿದು ಹೇಳುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು ಎಂದರೆ ಹಳ್ಳಿ ಹಳ್ಳಿಗಳು ಹೇಗೆ ಬರಿದಾಗಿರಬೇಕು! ಆ ದಿನಗಳಲ್ಲಿ ಹಸಿದವರ ಕೈಗೆ ಕೆಲಸ ಕೊಡುವ ಬರಪರಿಹಾರ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲು ಮಾರ್ಗದ ಮಣ್ಣಿನ ಕೆಲಸ ನಡೆಯಿತು. ರಾಗಿ ಬೆಳೆಯುವ ಕೈಗಳು ಗಂಜಿಗಾಗಿ ಮಣ್ಣು ಹೊತ್ತು ಏರಿ ಕಟ್ಟಿದವು. ಬ್ರಿಟಿಷರ ಆಡಳಿತ ಮುಗಿದು 1881ರ ಮಾರ್ಚ್‌ನಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ಒಂದೊಂದೇ ಊರು ದಾಟುತ್ತ, 1882ರ ಫೆಬ್ರವರಿಯಲ್ಲಿ ಮೈಸೂರು ಮುಟ್ಟಿತು.

ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲವೂ ಈ ಒಂದೇ ಹಳಿಯ ಮಕ್ಕಳು. ಗೊಂಬೆ, ರೇಷ್ಮೆ, ಬೆಲ್ಲ, ಎಳನೀರು, ಸೊಪ್ಪು ಎಲ್ಲ ಈ ದಾರಿ ಹಿಡಿದವು. ಮದ್ದೂರು ವಡೆ ಹುಟ್ಟಿದ್ದೂ ರೈಲ್ವೆ ಸ್ಟೇಷನ್ನಿನಲ್ಲೇ. ಗಾಡಿ ನಿಂತ ಕೆಲವೇ ನಿಮಿಷದಲ್ಲಿ ಕೈಗೆ ಕೊಡಬಹುದಾದ, ದಾರಿಯುದ್ದಕ್ಕೂ ಕೆಡದ ತಿಂಡಿ ಅದು. ಒಂದೇ ಹಳಿ ಇದ್ದ ಕಾಲದಲ್ಲಿ ಎದುರಿನಿಂದ ಬರುವ ಗಾಡಿಗಾಗಿ ಸಣ್ಣ ಸ್ಟೇಷನ್ನುಗಳಲ್ಲಿ ಕಾಯುವುದು ನಿತ್ಯದ ಮಾತು. "ಕ್ರಾಸಿಂಗ್ ಇದೆ" ಎಂದರೆ ಬೋಗಿಯಲ್ಲಿದ್ದವರೆಲ್ಲ ಸುಮ್ಮನಾಗುತ್ತಿದ್ದರು. ಗಾರ್ಡು, ಡ್ರೈವರು ಏನೂ ಮಾಡುವಂತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮಾರ್ಗ ಬ್ರಾಡ್‌ಗೇಜ್ ಆಯಿತು. ಆಮೇಲೆ ಜೋಡಿಹಳಿಯ ಕೆಲಸ ತುಂಡು ತುಂಡಾಗಿ, ವರ್ಷಗಟ್ಟಲೆ ಎಳೆಯಿತು. ಕೊನೆಯ ಅಡ್ಡಿಗಳಲ್ಲಿ ಒಂದು ಶ್ರೀರಂಗಪಟ್ಟಣದಲ್ಲಿತ್ತು: ಟಿಪ್ಪು ಕಾಲದ ಮದ್ದಿನ ಮನೆ. ಸುಮಾರು ಒಂದು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ, 2017ರಲ್ಲಿ ಪಕ್ಕಕ್ಕೆ ಸರಿಸಿ ಕೂರಿಸಿದರು. ಚರಿತ್ರೆಯನ್ನೂ ಉಳಿಸಿ ಹಳಿಯನ್ನೂ ಹಾಕಬಹುದು ಎಂದು ತೋರಿಸಿದ ಆ ಎಂಜಿನಿಯರುಗಳಿಗೆ ಈ ಭಾಗದ ಜನ ಋಣಿಗಳು. ಮನಸ್ಸು ಮಾಡಿದರೆ ರೈಲ್ವೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಹೊಳೆಯುವುದಿಲ್ಲ.

ಈಗ ಜೋಡಿಹಳಿ ಇದೆ, ವಿದ್ಯುತ್ ತಂತಿ ಇದೆ, ಮೆಮು ಎಂಬ ವಿದ್ಯುತ್ ಲೋಕಲ್ ಗಾಡಿ ಓಡುತ್ತದೆ. ಆ ಗಾಡಿಯಲ್ಲಿ ಓಡಾಡುವವರು ಯಾರು? ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಸ್ಪತ್ರೆಯ ಆಯಾಗಳು, ಕಾಲೇಜು ಹುಡುಗರು, ಗುಮಾಸ್ತರು, ಹೂವಿನ ಬುಟ್ಟಿ ಹೊತ್ತವರು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಲಾಗದೆ, ಊರಿನ ಮನೆ ಬಿಡಲಾರದೆ ದಿನವೂ ಹೋಗಿ ಬರುವ ಜನ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಇವರ ಊರುಗಳನ್ನು ಬಳಸಿ ಹೊರಗಿನಿಂದಲೇ ಹೋಯಿತು. ಅದೇ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೊಗಳಿಗೆ ಪ್ರವೇಶ ನಿಂತಿತು. ಟೋಲ್ ಬೇರೆ. ಕಾರಿದ್ದವರ ಪ್ರಯಾಣ ಚುರುಕಾಯಿತು. ಕಾರಿಲ್ಲದವರಿಗೆ ರೈಲಿನ ಅಗತ್ಯ ಮೊದಲಿಗಿಂತ ಹೆಚ್ಚಾಯಿತು.

ತೊಡಕು ಇರುವುದು ರೈಲ್ವೆಯ ಲೆಕ್ಕದ ಪುಸ್ತಕದಲ್ಲಿ. 2017ರಿಂದ ದೇಶದ ನಿಲ್ದಾಣಗಳನ್ನು ಮೂರು ಗುಂಪು ಮಾಡಿದ್ದಾರೆ: ಉಪನಗರ ನಿಲ್ದಾಣ, ಉಪನಗರವಲ್ಲದ ನಿಲ್ದಾಣ, ಹಾಲ್ಟ್. ಮುಂಬೈ, ಕೋಲ್ಕತ್ತ, ಚೆನ್ನೈಗಳ ಸುತ್ತ ಉಪನಗರ ರೈಲು ನೂರು ವರ್ಷದ ಮಾತು. ಚನ್ನಪಟ್ಟಣ ಬಾಳುವುದು ಉಪನಗರದ ಬದುಕನ್ನೇ, ಆದರೆ ಪುಸ್ತಕದಲ್ಲಿ ಅದು ಉಪನಗರವಲ್ಲ. ಪ್ರತಿ ದರ್ಜೆಗೂ ಕನಿಷ್ಠ ಸೌಕರ್ಯಗಳ ಪಟ್ಟಿ ಇದೆ. ಟಿಕೆಟ್ ಕೌಂಟರು, ಕುಡಿಯುವ ನೀರು, ಕೂರುವ ಬೆಂಚು, ಶೌಚಾಲಯ, ದೀಪ, ಫ್ಯಾನು, ಮೇಲ್ಸೇತುವೆ, ಗಡಿಯಾರ, ನೆರಳು ಕೊಡುವ ಮರ ಕೂಡ ಆ ಪಟ್ಟಿಯಲ್ಲಿ ಬರುತ್ತದೆ. ಆದರೆ ಬೆಳಿಗ್ಗೆ ಏಳರ ಗಾಡಿಗೆ ಒಂದೇ ಸಲ ನುಗ್ಗುವ ಜನಕ್ಕೆ ಎಷ್ಟು ಚಾವಣಿ ಬೇಕು, ಹೆಂಗಸರ ಬೋಗಿ ನಿಲ್ಲುವ ತುದಿಯಲ್ಲಿ ದೀಪ ಉರಿಯುತ್ತಿದೆಯೇ, ರಾತ್ರಿ ಒಂಬತ್ತಕ್ಕೆ ಇಳಿದ ಹುಡುಗಿಗೆ ಶೌಚಾಲಯದ ಬಾಗಿಲು ತೆರೆದಿರುತ್ತದೆಯೇ ಎಂಬುದನ್ನು ಆ ಪಟ್ಟಿ ಕೇಳುವುದಿಲ್ಲ. ಸೌಕರ್ಯ ಎಂದರೆ ಅದೇ ತಾನೇ?

ಪ್ಲಾಟ್‌ಫಾರಂ ಎತ್ತರದ ವಿಷಯವನ್ನೇ ತೆಗೆದುಕೊಳ್ಳಿ. ರೈಲ್ವೆಯಲ್ಲಿ ಮೂರು ಬಗೆಯವು ಇವೆ: ಹಳಿಯ ಮಟ್ಟದ್ದು, ಅದಕ್ಕಿಂತ ತುಸು ಮೇಲಿನದು, ಮತ್ತು 760ರಿಂದ 840 ಮಿಲಿಮೀಟರ್ ಎತ್ತರದ್ದು. ತಗ್ಗಿನ ಪ್ಲಾಟ್‌ಫಾರಮ್ಮಿನಿಂದ ಬೋಗಿ ಹತ್ತಲು ಅರವತ್ತು ದಾಟಿದ ಅಜ್ಜಿ ಕಂಬಿ ಹಿಡಿದು ಮೈಯನ್ನೆಲ್ಲ ಮೇಲಕ್ಕೆಳೆದುಕೊಳ್ಳಬೇಕು. ಕೆಳಗಿನಿಂದ ಯಾರಾದರೂ ಬುಟ್ಟಿ ಎತ್ತಿಕೊಡಬೇಕು. ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಈ ಮಾರ್ಗದ ಹಾಲ್ಟ್‌ಗಳೂ ಸೇರಿದಂತೆ ಎಲ್ಲ ನಿಲ್ದಾಣಗಳ ಪ್ಲಾಟ್‌ಫಾರಂ ಪೂರ್ತಿ ಉದ್ದಕ್ಕೂ ಎತ್ತರವಾಗಲಿ. ಕಮಾನು ಆಮೇಲೆ ಬರಲಿ.

ದರದ ಮಾತನ್ನೂ ಮರೆಯಬಾರದು. ಕೋವಿಡ್ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಹೊರಟಾಗ 'ಸ್ಪೆಷಲ್' ಎಂಬ ಹೆಸರು ಹೊತ್ತು ಬಂದವು. ಕನಿಷ್ಠ ದರ 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ಅಷ್ಟು ಕಾಲ ಬಿಡದಿಯಿಂದ ಕೆಂಗೇರಿಗೆ ಹೋಗುವ ಕೂಲಿಯವರೂ ಎಕ್ಸ್‌ಪ್ರೆಸ್ ದರ ತೆತ್ತರು. ಇದು ಅನ್ಯಾಯವಾಗಿತ್ತು, ಹಾಗೆಂದೇ ದಾಖಲಾಗಬೇಕು.

ಇನ್ನು ಬೆಂಗಳೂರು ಉಪನಗರ ರೈಲು ಯೋಜನೆ. ನಾಲ್ಕು ದಶಕದ ಬೇಡಿಕೆಗೆ 2020ರ ಅಕ್ಟೋಬರಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಕಾರಿಡಾರು, ಒಟ್ಟು 148 ಕಿಲೋಮೀಟರ್. ಇದರಲ್ಲಿ ವೈಟ್‌ಫೀಲ್ಡಿನಿಂದ ಹೊರಡುವ ಪಾರಿಜಾತ ಕೆಂಗೇರಿಯಲ್ಲೇ ನಿಂತುಬಿಡುತ್ತದೆ. ಕೆಂಗೇರಿಗೆ ಮೆಟ್ರೊ ಬಂದು ಆಗಲೇ ವರ್ಷಗಳಾದವು. ರೈಲೇ ಆಸರೆಯಾದ ಬಿಡದಿ, ರಾಮನಗರ, ಚನ್ನಪಟ್ಟಣಗಳು ಹೊರಗೆ ಉಳಿದಿವೆ. ವಿಸ್ತರಣೆಯ ಮಾತು ಬರುತ್ತದೆ, ಹೋಗುತ್ತದೆ. ಹೊಸ ಕಾರಿಡಾರಿಗೆ ಕಾಯುವ ಅಗತ್ಯವೂ ಇಲ್ಲ. ಇರುವ ಎರಡು ಹಳಿಗಳ ಮೇಲೆಯೇ ಬೆಳಿಗ್ಗೆ ಆರರಿಂದ ಹತ್ತರವರೆಗೆ, ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದರಂತೆ ಮೆಮು ಓಡಿಸಲಿ. ವಂದೇ ಭಾರತ್ ಮುಂದೆ ಹೋಗಲೆಂದು ಲೋಕಲ್ ಗಾಡಿಯನ್ನು ಲೂಪ್ ಲೈನಿನಲ್ಲಿ ನಿಲ್ಲಿಸುವಂಥ ವೇಳಾಪಟ್ಟಿ ಬೇಡ.

ಚನ್ನಪಟ್ಟಣ ನಿಲ್ದಾಣದ ಹೊಸ ಕಟ್ಟಡದಲ್ಲಿ ಬರಗಾಲದಲ್ಲಿ ಈ ಏರಿ ಕಟ್ಟಿದವರ ನೆನಪಿಗೆ ಕನ್ನಡದಲ್ಲಿ ಒಂದು ಕಲ್ಲುಫಲಕವನ್ನೂ ನಿಲ್ಲಿಸಬೇಕು. ಹೆಚ್ಚು ಖರ್ಚಿನ ಕೆಲಸವಲ್ಲ.

ರೈಲ್ವೆ ಖಾತೆಯ ರಾಜ್ಯ ಸಚಿವ ವಿ. ಸೋಮಣ್ಣನವರು ನಮ್ಮ ನಾಡಿನವರೇ. ಬೆಂಗಳೂರು ಗ್ರಾಮಾಂತರ ಮತ್ತು ಮಂಡ್ಯದ ಸಂಸದರೊಂದಿಗೆ ಅವರು ಒಂದು ಕೆಲಸದ ದಿನ ಬೆಳಿಗ್ಗೆ ಚನ್ನಪಟ್ಟಣದಲ್ಲಿ ಮೆಮು ಹತ್ತಲಿ, ನಿಂತುಕೊಂಡೇ ಬೆಂಗಳೂರಿಗೆ ಬರಲಿ. ವೇಳಾಪಟ್ಟಿಯ ಮುಂದಿನ ಪರಿಷ್ಕರಣೆಗೆ ಮೊದಲು ಪಾಸ್‌ದಾರರನ್ನು ಕರೆದು ಕೂರಿಸಿ ಮಾತಾಡಲಿ. ಈ ಲೈನಿನಲ್ಲಿ ಓಡಾಡುವ ಓದುಗರು ನಿಮ್ಮ ಗಾಡಿ, ನಿಮ್ಮ ಹೊತ್ತು, ನಿಮ್ಮ ಕೊರತೆಗಳನ್ನು ಬರೆದು ನಿಮ್ಮ ಸಂಸದರ ಕಚೇರಿಗೆ ಈ ವಾರವೇ ತಲುಪಿಸಿ.